ತಲೋಯೋಕ್‌ನಿಂದ ನಲವತ್ತು ನಿಮಿಷ

ಕುಗಾರುಕ್‌ಗೂ ತಲೋಯೋಕ್‌ಗೂ ನಡುವೆ ನೂರ ಎಂಬತ್ತು ಚಿಲ್ಲರೆ ಕಿಲೋಮೀಟರ್; ಉತ್ತರ ಧ್ರುವದ ಕಡೆಯ ಈ ಎರಡು ಊರುಗಳ ಮಧ್ಯೆ ರಸ್ತೆಯಿಲ್ಲ. ವಿಮಾನದಲ್ಲಿ ನಲವತ್ತು ನಿಮಿಷ. ತಲೋಯೋಕ್‌ನ ಒತ್ತೋ ಮೊದಲ ಸಲ ನಮ್ಮ ಕುಗಾರುಕ್‌ಗೆ ಬಂದಾಗ ವಾಪಸ್ ಹೋಗಲು ಐದು ದಿನ ಹಿಡಿಯಿತು.

ಹಿಮಗಾಳಿ ನಿಲ್ಲುವವರೆಗೆ ವಿಮಾನ ನಿಲ್ದಾಣದ ನನ್ನ ರೇಡಿಯೋ ಕೋಣೆಯಲ್ಲೇ ಕೂತಿರುತ್ತಿದ್ದ. ಗಂಟೆಗೊಮ್ಮೆ ನಾನು ಹೊರಗೆ ಹೋಗಿ, ಎಷ್ಟು ದೂರ ಕಾಣುತ್ತದೆಂದು ನೋಡಿ ಬಂದು ವಿಮಾನದವರಿಗೆ ವರದಿ ಕಳಿಸುತ್ತಿದ್ದೆ.

“ಸಿದೋನಿ, ಈಗೇನ್ ಕಾಣ್ಸುತ್ತೆ?”

“ಬಾಗಿಲು.”

“ನಂಗಷ್ಟು ಸಾಕು,” ಎಂದು ನನ್ನ ಕಡೆ ನೋಡಿದ. ನಾನು ತಿರುಗುವಷ್ಟರಲ್ಲಿ ಚಹಾ ಲೋಟದೊಳಗೆ ಮುಖ ಹುದುಗಿಸಿದ್ದ.

ನನ್ನ ನಾಲ್ಕು ವರ್ಷದ ಮಗಳಿಗೆ ತೀರಿಹೋದ ಅವನ ತಾಯಿಯ ಹೆಸರಿಟ್ಟಿದ್ದೆ. ಆಕೆ ನನ್ನಮ್ಮನ ಗೆಳತಿ. ನಮ್ಮಲ್ಲಿ ಸತ್ತವರ ಹೆಸರು ಹೊತ್ತ ಮಗು ಅವರೇ ಎಂದು ಲೆಕ್ಕ; ಹಾಗಾಗಿ ನನ್ನ ಮಗಳು ನಿವಿಯಾಕ್ ಅವನಿಗೆ ಅಮ್ಮ. ಅವಳೂ ಬಿಡಲಿಲ್ಲ. “ಮಗನೇ, ಟೋಪಿ ಹಾಕ್ಕೋ,” ಎಂದು ಗದರಿದಳು. ಮೂವತ್ತಾರರ ಗಂಡಸು ತೆಪ್ಪಗೆ ಟೋಪಿ ಹಾಕಿಕೊಂಡ. ನಾನು ಸೋತದ್ದು ಆಗಲೇ.

ಆಮೇಲೆಲ್ಲ ಫೋನು. ಅಕ್ಟೋಬರ್‌ನಲ್ಲಿ ಅವನಿಗೆ ದೂರದ ಗಣಿಯೊಂದರಲ್ಲಿ ಕೆಲಸ ಸಿಕ್ಕಿತು.

“ಬೇಡ ಅಂದ್ಬಿಟ್ಟು ನಿನ್ ಹತ್ರ ಬಂದ್ಬಿಡ್ತೀನಿ. ಕಾಯಂ ಆಗಿ.”

ಸಮುದ್ರ ಇನ್ನೂ ಸರಿಯಾಗಿ ಹೆಪ್ಪುಗಟ್ಟಿರಲಿಲ್ಲ; ದೋಣಿಯೂ ಸಾಗದು, ಹಿಮದ ಮೇಲೋಡುವ ಸ್ನೋಮೊಬೈಲೂ ಸಾಗದು. ಎರಡು ಸಲ ವಿಮಾನ ಹತ್ತಿದ. ಎರಡು ಸಲವೂ ಇಲ್ಲಿ ಮಂಜು, ಅರ್ಧ ದಾರಿಯಿಂದ ವಾಪಸ್.

ಮೂರನೇ ಸಲ ವಿಮಾನ ನಮ್ಮ ನೆತ್ತಿಯ ಮೇಲೇ ಬಂತು. ಪೈಲಟ್ ರೇಡಿಯೋದಲ್ಲಿ ಕೇಳಿದ, “ಎಷ್ಟು ಕಾಣ್ತಿದೆ ಅಕ್ಕ?”

ಹೊರಗೆ ಹೋಗಿ ನೋಡಿದೆ. ಒಂದು ಮೈಲಿ ಆಚೆಯ ಎಣ್ಣೆ ಟ್ಯಾಂಕು ಕಾಣಲಿಲ್ಲ. ರನ್‌ವೇಯ ಮೊದಲ ಕೆಲವು ದೀಪಗಳು, ಅಷ್ಟೇ. ಮೇಲೆ ಒತ್ತೋ ಇದ್ದ. ಇನ್ನೂ ಆರು ಜನ ಇದ್ದರು.

“ಅರ್ಧ ಮೈಲಿ,” ಎಂದೆ. ಇಳಿಯಲು ಅದು ಸಾಲದು.

ಇಂಜಿನ್ ಸದ್ದು ದೂರವಾಯಿತು.

ಇಪ್ಪತ್ತು ನಿಮಿಷಕ್ಕೆ ಮಂಜು ಎದ್ದುಹೋಯಿತು. ಗುಡ್ಡ, ಕೊಲ್ಲಿ, ಆಚೆ ದಂಡೆ ಎಲ್ಲ ನಿಚ್ಚಳ. ಹದಿನೈದು ಮೈಲಿ ಎಂದು ಹೊಸ ವರದಿ ಕಳಿಸಿದೆ, ಕಳಿಸದೆ ಇರುವಂತಿಲ್ಲ.

ವಾಪಸ್ ತಲೋಯೋಕ್‌ನಲ್ಲಿ ಇಳಿದ ಕೂಡಲೇ ಒತ್ತೋ ಫೋನ್ ಮಾಡಿದ. “ಹದಿನೈದು ಮೈಲಿ ಅಂತೆ.”

“ಆಗ ಅರ್ಧಾನೇ ಇತ್ತು, ಒತ್ತೋ.”

“ಗೊತ್ತು. ನೀನ್ ತಪ್ಪು ಹೇಳೋಳಲ್ಲ. ಮೂರು ಸಲ ವಾಪಸ್ ಕಳ್ಸಿದ್ದು ನಿನ್ ದನಿನೇ ಕಣೆ. ಗಣಿಯವ್ರು ಸಂಜೆಯೊಳ್ಗೆ ಹೂಂ, ಉಹೂಂ ಯಾವ್ದಾದ್ರೂ ಹೇಳು ಅಂತಿದಾರೆ.”

“ಗುರುವಾರ ವಿಮಾನ ಇದೆ.”

“ಗುರುವಾರ ಅಲ್ಲಿ ಹೇಗಿರುತ್ತೆ?”

ಎದುರಿಗೆ ಮುನ್ಸೂಚನೆಯ ಹಾಳೆ ಇತ್ತು. ಓದಿದೆ. “ಹಿಮಗಾಳಿ. ಶನಿವಾರದ ತನಕ.”

ಅವನು ಮೆಲ್ಲಗೆ ನಕ್ಕ. “ಆಯ್ತು ಬಿಡು, ಗಣಿಯವ್ರಿಗೆ ಹೂಂ ಅಂತೀನಿ. ಟೋಪಿ ಹಾಕ್ಕೋತೀನಿ ಅಂತ ಅಮ್ಮಂಗೆ ಹೇಳು.”

ಅವನು ಕೇಳಿದ್ದು ಹವಾಮಾನವನ್ನಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಫೋನ್ ಇಟ್ಟಿದ್ದ.