ಇಳಿಜಾರಿನಲ್ಲಿ ಹದಿನೈದು ಕೋಟಿ

"ಇನ್ನೂ ಹತ್ತಿರ ಒತ್ತೋ!" ಎಂದು ಕಿರುಚಿದೆ.

"ಇನ್ನೂ ಹತ್ತಿರ ಅಂದ್ರೆ ಹಳಿ ಮೇಲೇ ಓಡಿಸ್ಬೇಕು ಸಾರ್!" ಎಂದ ನನ್ನ ಜೀಪಿನ ಮೀಸೆ ಡ್ರೈವರ್.

ನನ್ನ ಒಂದು ಕಾಲು ಜೀಪಿನಲ್ಲಿ, ಇನ್ನೊಂದು ಗಾಳಿಯಲ್ಲಿ. ಪಕ್ಕದಲ್ಲೇ ಗೂಡ್ಸ್ ರೈಲಿನ ಡೀಸೆಲ್ ಎಂಜಿನ್. ಅದರ ಬೆನ್ನಿಗೆ ಕಲ್ಲು ತುಂಬಿದ ವ್ಯಾಗನ್ನುಗಳು. ಚಕ್ರಗಳಿಂದ ಹೊಗೆ... ಬ್ರೇಕ್ ಸುಟ್ಟ ವಾಸನೆ!

ಇಳಿಜಾರು ಮುಗಿಯುವಲ್ಲಿ ಕಾರ್ಖಾನೆಯ ಶೆಡ್ಡು. ಹಳಿಯೂ ಅಲ್ಲಿಗೇ ಮುಗಿಯುತ್ತದೆ.

ಎಂಜಿನ್ ಓಡಿಸುತ್ತಿದ್ದವರು ನನ್ನ ಭಾವ. ಅಕ್ಕನ ಗಂಡ.

ಅವರನ್ನು ಆ ಗತಿಗೆ ತಂದವನು ನಾನೇ ಸ್ವಾಮಿ!

ನನ್ನ ಕಸುಬು ಜಪ್ತಿ. ಕಂತು ಕಟ್ಟದವರ ಲಾರಿ, ಕ್ರೇನು ಎತ್ತಿಕೊಂಡು ಬರುತ್ತೇನೆ. ಈ ಸಲ ರೈಲ್ವೆ ಎಂಜಿನ್! ಹೊಸದಕ್ಕೆ ಹದಿನೈದು ಕೋಟಿ. ಬಾಡಿಗೆಗೆ ತಂದ ಕ್ವಾರಿ ಕಂಪನಿ ವರ್ಷದಿಂದ ಕಾಸು ಬಿಚ್ಚಿರಲಿಲ್ಲ.

"ಇವತ್ತು ಅದು ಕ್ವಾರಿ ಬಿಟ್ಟು ಕದಲಬಾರ್ದು," ಎಂದಿದ್ದ ಬಾಸ್. "ಗೀರು ಬಿತ್ತೋ, ನಿನ್ನ ಚರ್ಮ ಸುಲೀತೀನಿ!"

ಬೆಳಿಗ್ಗೆ ಯಾರೂ ಬರುವ ಮುಂಚೆ ಎಂಜಿನ್ನಿನ ಕ್ಯಾಬಿನ್ನಿಗೆ ನುಗ್ಗಿದೆ. ಊಟಕ್ಕೆ ಕೂತಾಗೆಲ್ಲ ಭಾವನದು ಎಂಜಿನ್ ಪುರಾಣ. ಡೀಸೆಲ್ ನೇರವಾಗಿ ಚಕ್ರ ತಿರುಗಿಸುವುದಿಲ್ಲವಂತೆ. ಅದು ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟಿನಿಂದ ಚಕ್ರಗಳ ಮೋಟಾರ್ ತಿರುಗುತ್ತದೆ. ಸರಿ, ಮೋಟಾರ್ ಕಟ್ ಮಾಡಿದರೆ ಎಂಜಿನ್ ಎಲ್ಲಿಗೆ ಹೋದೀತು? ಸೀಟಿನ ಹಿಂದಿನ ಕಪಾಟು ತೆಗೆದು ಸ್ವಿಚ್ಚುಗಳನ್ನು ಆಫ್ ಮಾಡಿದೆ. ಯಾರಿಗೂ ಬೇಗ ಗೊತ್ತಾಗದಿರಲಿ ಎಂದು ಎಚ್ಚರಿಕೆಯ ಬಲ್ಬನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ಭಾವನಿಗೆ ಪುಕ್ಕಟೆ ರಜೆ ಎಂದು ಖುಷಿ ಬೇರೆ!

ಥೂ, ನನ್ನ ಬುದ್ಧಿಗಿಷ್ಟು!

ಕ್ವಾರಿಯಿಂದ ಕಾರ್ಖಾನೆಗೆ ಬರೀ ಇಳಿಜಾರು. ಎಳೆಯುವುದೇ ಬೇಡ, ಬ್ರೇಕ್ ಬಿಟ್ಟರೆ ರೈಲು ತಾನೇ ಉರುಳುತ್ತದೆ. ಅಷ್ಟು ಭಾರಕ್ಕೆ ಬರೀ ಚಕ್ರದ ಬ್ರೇಕ್ ಸಾಲದು, ಸುಟ್ಟುಹೋಗುತ್ತದೆ. ಆಗ ಅದನ್ನು ಹಿಡಿದು ತಡೆಯುವುದೂ ಅದೇ ಮೋಟಾರುಗಳು. ಚಕ್ರವೇ ಅವನ್ನು ತಿರುಗಿಸಿ ಕರೆಂಟ್ ಮಾಡುತ್ತದೆ, ಓಟದ ಜೋರೆಲ್ಲ ಅದಕ್ಕೇ ಖರ್ಚಾಗುತ್ತದೆ. ಇದನ್ನೂ ಭಾವ ಹೇಳಿದ್ದರು. ನನ್ನ ಗಮನ ತಟ್ಟೆಯ ಮೇಲಿತ್ತು.

ರೈಲು ಉರುಳುತ್ತಾ ಹೊರಟಿದ್ದು ಕಂಡಾಗಲೇ ಅದು ನೆನಪಾಗಿದ್ದು. ಫೋನ್ ಮಾಡಿದೆ. ಊಹೂಂ! ಎಂಜಿನ್ ಹತ್ತಿದ ಮೇಲೆ ಭಾವ ಫೋನ್ ಮುಟ್ಟುವುದಿಲ್ಲ.

ಜೀಪು ಎಂಜಿನ್ನಿನ ಮೆಟ್ಟಿಲಿಗೆ ಸಮವಾಯಿತು.

ಹಾರಿದೆ!

ಒಂದು ಕೈಗೆ ಕಂಬಿ ಸಿಕ್ಕಿತು. ಇನ್ನೊಂದು ಜಾರಿತು... ಮೊಣಕಾಲು ಕಬ್ಬಿಣಕ್ಕೆ ಬಡಿಯಿತು... ತೆವಳಿಕೊಂಡೇ ಒಳಗೆ ಬಿದ್ದೆ.

"ತಲೆ ಕೆಟ್ಟಿದ್ಯೇನೋ ನಿಂಗೆ?" ಭಾವ ಬೆವರಿನಲ್ಲಿ ತೊಯ್ದು ಹೋಗಿದ್ದರು. "ಬಾಗಿಲ ಹತ್ರ ಇರು. ಮುಂದೆ ಮರಳು ಗುಡ್ಡೆ ಬರತ್ತೆ. ಹೇಳಿದ ತಕ್ಷಣ ಹಾರ್ಕೋ!"

"ನೀವು?"

"ನಾನೂ ಹಾರಿದ್ರೆ ಹಾರ್ನ್ ಯಾರೋ ಹೊಡೀತಾರೆ? ಶೆಡ್ಡಲ್ಲಿ ಜನ ಇದಾರೆ."

ಅವರ ಮುಖ ನೋಡಲಾಗಲಿಲ್ಲ. ನೇರ ಸೀಟಿನ ಹಿಂದಕ್ಕೆ ಹೋಗಿ ಕಪಾಟು ತೆಗೆದೆ. ಸ್ವಿಚ್ಚುಗಳನ್ನೆಲ್ಲ ಆನ್ ಮಾಡಿದೆ.

"ಈಗ ಮೋಟಾರ್ ಬ್ರೇಕ್ ಹಾಕಿ ಭಾವ! ಹಾಕಿ!"

ಭಾವ ಹಿಡಿಕೆ ಎಳೆದರು. ಏನೂ ಇಲ್ಲ...

ಆಮೇಲೆ ನೆತ್ತಿಯ ಮೇಲೆ ಫ್ಯಾನುಗಳು ಅಬ್ಬರಿಸಿದವು. ಮೋಟಾರುಗಳ ಕರೆಂಟೆಲ್ಲ ಛಾವಣಿಯಲ್ಲಿ ಬಿಸಿಗಾಳಿಯಾಗಿ ಹೋಗತೊಡಗಿತು. ಇಡೀ ರೈಲು ನರಳಿತು. ವೇಗ ಇಳಿಯಿತು... ಇನ್ನೂ ಇಳಿಯಿತು...

ಶೆಡ್ಡಿನ ಗೋಡೆ ಕೈಗೆಟುಕುವಷ್ಟು ದೂರದಲ್ಲಿ ಎಂಜಿನ್ ನಿಂತಿತು. ಗೀರೂ ಬಿದ್ದಿರಲಿಲ್ಲ.

ಭಾವ ನನ್ನನ್ನು ಬಾಚಿ ತಬ್ಬಿಕೊಂಡರು. "ಜೀವ ಉಳಿಸ್ದೆ ಕಣೋ! ನಿಮ್ಮಕ್ಕಂಗೆ ಹೇಳ್ತೀನಿ, ನಿನ್ನ ತಮ್ಮ ದೇವರಂಥೋನು ಅಂತ..."

ಅಷ್ಟಕ್ಕೇ ನಿಲ್ಲಿಸಿದರು. ತಬ್ಬಿದ ಕೈ ಸಡಿಲವಾಯಿತು.

"ಸ್ವಿಚ್ ಎಲ್ಲಿದೆ ಅಂತ ಹೆಂಗೋ ಗೊತ್ತಾಯ್ತು?"

"ನೀವೇ ಕಲಿಸಿದ್ದಲ್ವಾ ಭಾವ..."

"ಎಲ್ಲಿದೆ ಅಂತ ಕಲಿಸಿದ್ದೆ. ಆಫ್ ಆಗಿದೆ ಅಂತ ಯಾರು ಹೇಳಿದ್ರು?"

ನನ್ನ ಕೈ ತಾನಾಗೇ ಜೇಬು ಮುಚ್ಚಿಕೊಂಡಿತು. ಭಾವ ಬಲ್ಬಿಲ್ಲದ ಖಾಲಿ ತೂತು ನೋಡಿದರು. ನನ್ನ ಜೇಬು ನೋಡಿದರು. ಕೈ ಚಾಚಿದರು.

ಬಲ್ಬ್ ಕೊಟ್ಟೆ.

ಬೈಯಲಿಲ್ಲ. ಹೊಡೆಯಲೂ ಇಲ್ಲ. ಹೊಡೆದಿದ್ದರೆ ಎಷ್ಟೋ ಮೇಲಿತ್ತು ಸ್ವಾಮಿ! ಬಲ್ಬನ್ನು ತಿರುಗಿಸಿ ಕೂರಿಸುತ್ತಾ ಇಷ್ಟೇ ಹೇಳಿದರು:

"ನಿಮ್ಮಕ್ಕಂಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಹದಿನೈದು ಕೋಟಿಯ ಎಂಜಿನ್‌ಗೆ ಹಾರಿದ ಗಂಡು ನಾನು. ಆಗಿನಿಂದ ಅಕ್ಕನ ಮನೆ ಬಾಗಿಲಲ್ಲೇ ನಿಂತಿದ್ದೇನೆ. ನೀವು ಹೇಗೂ ಇದೇ ಮನೆಗೆ ಬಂದವರು... ನಿಮಗೆ ಪುಣ್ಯ ಬರುತ್ತದೆ, ಆ ಬೆಲ್ ನೀವೇ ಒತ್ತಿಬಿಡಿ!