ಹಾಲಿಗೆ ಹಚ್ಚಿದ ಕಳಂಕ

"ಬಿಡು ಕೂಸಿನ್ನ! ನಿನ್ನ ಹಾಲು ಕುಡದು ಕುಡದು ಹಿಂಗ ಸೊರಗೈತಿ!"

ರುಕ್ಮಿಣಿಬಾಯಿ ಸೊಸೆಯ ಎದೆಯಿಂದ ಎರಡು ತಿಂಗಳ ಯಕ್ಷಿತಾಳನ್ನು ಕಿತ್ತುಕೊಂಡೇಬಿಟ್ಟಳು. ಬಿಳಿಚಿದ ಮಗುವಿನ ತಲೆ ಒಂದು ಬದಿಗೆ ವಾಲಿತು. ಶೈಲಾ ಕೈ ಚಾಚಿ ಅದಕ್ಕೆ ಆಸರೆ ಕೊಟ್ಟಳು. ಅತ್ತೆ ಎಂದರೆ ಪರರೇ? ಅವಳ ತಂದೆಯ ಒಡಹುಟ್ಟಿದ ಅಕ್ಕ! ಮುಂಬಯಿಯ ಬೈಕುಲ್ಲಾದ ಇದೇ ಚಾಳಿನಲ್ಲಿ ಅವಳನ್ನು ಎತ್ತಿ ಆಡಿಸಿದ ಕೈಗಳೇ ಇಂದು...

"ರಕ್ತದಾಗ ಬಿ-ಟ್ವೆಲ್ವ್ ವಿಟಮಿನ್ ಬರೋಬ್ಬರಿ ಐತಂತ ಡಾಕ್ಟರ್ ಹೇಳ್ಯಾನ. ಹಂಗಾರ ಐಬು ಎಲ್ಲೈತಿ? ನಿನ್ನ ಹಾಲಿನಾಗ! ನೀ ಕಾಂದಿವಲಿಗೆ ನಿಮ್ಮಪ್ಪನ ಮನಿಗೆ ನಡಿ. ಕೂಸು ನನ್ನ ಕಡೆ ಇರ್ಲಿ."

"ಏನ್ರೀ, ನೀವಾದ್ರೂ ಮಾತಾಡ್ರಿ..."

ಗಂಡ ದೇವಾನಂದ ಕಿಟಕಿಯತ್ತ ಮುಖ ತಿರುಗಿಸಿದ.

ಶೈಲಾ ಕಣ್ಣೊರೆಸಿಕೊಂಡು ಮಗುವನ್ನು ಮರಳಿ ಎಳೆದುಕೊಂಡಳು. "ಮೊದ್ಲ ನನ್ನ ಕೂಸು ಉಳೀಲಿ ಅತ್ತಿ! ಆಮ್ಯಾಲ ಹೊರಗ ಹಾಕ್ರಿ!" ಬರಿಗಾಲಲ್ಲೇ ಇಳಿದು ಟ್ಯಾಕ್ಸಿ ಹಿಡಿದಳು. ಸಯನ್‌ನ ದೊಡ್ಡ ಆಸ್ಪತ್ರೆಗೆ ಅವಳ ಬೆನ್ನಿಗೇ ತಾಯಿ-ಮಗನೂ ಓಡಿಬಂದರು.

"ಹಾಲಿಂದು ಏನೂ ತಪ್ಪಿಲ್ಲ," ಎಂದರು ಮಗುವನ್ನು ಪರೀಕ್ಷಿಸಿದ ಡಾ. ನಿಖಿತಾ. "ವಿಟಮಿನ್ ರಕ್ತಕ್ಕೆ ಬಂದಿದೆ. ಅದನ್ನ ಹಿಡ್ಕೊಂಡು ಮೈಗೆಲ್ಲಾ ಮುಟ್ಟಿಸೋ ಪ್ರೋಟೀನೇ ಮಗುವಿನ ರಕ್ತದಲ್ಲಿ ಇಲ್ಲ ಅನ್ಸುತ್ತೆ. ಇನ್ನೊಂದು ಪ್ರೋಟೀನ್ ಅದನ್ನ ಬಿಗಿಯಾಗಿ ಹಿಡ್ಕೊಂಡು ರಕ್ತದಲ್ಲೇ ಸುತ್ತುತ್ತೆ. ಅದಕ್ಕೇ ಮೊದಲ ರಿಪೋರ್ಟ್ ಸರಿ ಕಾಣಿಸ್ತು."

ದೊಡ್ಡ ಪ್ರಮಾಣದಲ್ಲಿ ಬಿ-ಟ್ವೆಲ್ವ್ ಇಂಜೆಕ್ಷನ್ ಅಂದೇ ಶುರುವಾಯಿತು. ವಾರ ಕಳೆಯುವಷ್ಟರಲ್ಲಿ ಯಕ್ಷಿತಾ ಕಣ್ಣರಳಿಸಿ ತಾಯಿಯ ಮುಖ ಹುಡುಕಿದಳು! ಮುಂದೆ ಬಂದ ಪರೀಕ್ಷೆಯ ಫಲಿತಾಂಶವೂ ಡಾಕ್ಟರರ ಅನುಮಾನವನ್ನೇ ಖಚಿತಪಡಿಸಿತು.

"ಇಂಜೆಕ್ಷನ್ ಜೀವನಪೂರ್ತಿ ಬೇಕು. ಈ ದೋಷ ತಂದೆ-ತಾಯಿ ಇಬ್ಬರಿಂದಲೂ ಬಂದಿರುತ್ತೆ. ನೀವು ಸಂಬಂಧಿಕರಾ?"

"ಇವ್ರು ನನ್ನ ಸೋದರತ್ತಿ ಮಗ..."

ರುಕ್ಮಿಣಿಬಾಯಿ ಮಗನತ್ತ, ಸೊಸೆಯತ್ತ ತಿರುಗಿ ತಿರುಗಿ ನೋಡಿದಳು. "ಅಂದ್ರ... ನನ್ನಿಂದ ಇವಂಗ, ನನ್ನ ತಮ್ಮನಿಂದ ಇಕಿಗೆ... ನಮ್ಮ ತವರಿನ ರಕ್ತಾನ! ಅಯ್ಯೋ ಶೈಲಾ! ನಮ್ಮವ್ವನ ಎರಡು ಕೂಸು ಹಿಂಗ ಸೊರಗಿ ಹೋದ್ವು. ಆಕಿ ಹಾಲಾಗ ವಿಷ ಐತಿ ಅಂದ್ರು ಮಂದಿ... ಸಾಯೋತನಕಾ ಅಂದ್ರು!"

"ಶೈಲಾ, ತಪ್ಪಾತು. ಮನಿಗೆ ನಡಿ," ಎಂದ ದೇವಾನಂದ ತಲೆತಗ್ಗಿಸಿ.

"ಬರ್ತೀನ್ರಿ. ಆದ್ರ ಇನ್ನೊಮ್ಮೆ ಹಿಂಗ ಸುಮ್ಮ ನಿಂತ್ರ, ಮಗಳನ್ನ ಎತ್ಕೊಂಡು ಹೋಗಾಕಿ ನಾನ!"

ಅತ್ತೆ ಸೊಸೆಯ ಕಾಲು ಮುಟ್ಟಲು ಬಾಗಿದಳು. ಶೈಲಾ ಆ ಕೈಗಳನ್ನು ತಡೆದಳು. ಕ್ಷಮಿಸಲು ಅವಳಿಂದ ಇನ್ನೂ ಆಗಿರಲಿಲ್ಲ. ಕಂಡೇ ಇರದ ಆ ಹಿರಿಯ ಜೀವ ಮಾತ್ರ ಮನಸ್ಸನ್ನು ಹಿಂಡುತ್ತಿತ್ತು.

"ಅತ್ತಿ... ನಮ್ಮ ಅಜ್ಜಿದೂ ತಪ್ಪಿರಲಿಲ್ಲ ನೋಡ್ರಿ."

"ಅವ್ವಾ...!" ಎಂದು ರುಕ್ಮಿಣಿಬಾಯಿ ಬಾಯಿಗೆ ಸೆರಗು ತುರುಕಿಕೊಂಡಳು. ಅವ್ವ ತೀರಿಕೊಂಡ ದಿನವೂ ಅವಳು ಹಾಗೆ ಅತ್ತಿರಲಿಲ್ಲ.