ರೈಲಿನಿಂದ ಇಳಿಯದ ನಾಯಕ

"ಡಾಕ್ಟರಮ್ಮಾ, ನನ್ನ ಹಲ್ಲೆಲ್ಲ ಸರಿಯಾಗೇ ಇವೆ. ಹೋಗ್ತಿರೋದು ನನ್ನ ಕೆಲಸ!"

ಲೈಬ್ರರಿಯಾಕೆ ರೋಗಿಗಳ ಕುರ್ಚಿಯಲ್ಲಿ ದೊಪ್ಪನೆ ಕೂತಳು. ಇಕ್ಕಳ ತೊಳೆಯುತ್ತಿದ್ದ ಪುಟ್ಟಿ ನಲ್ಲಿ ನಿಲ್ಲಿಸಿದಳು. ಐವತ್ತು ದಾಟಿದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಅಕ್ಕ ಊರಿಗೆಲ್ಲ ಹಲ್ಲಿನ ಡಾಕ್ಟರು; ಪೊಲೀಸರು ಕೈಚೆಲ್ಲಿದ ಎರಡು ಮೂರು ಕಳ್ಳತನಗಳನ್ನು ಪತ್ತೆ ಮಾಡಿದ ಮೇಲೆ, ಹಲ್ಲು ನೆಟ್ಟಗಿರುವವರೂ ಹೀಗೆ ಬಂದು ಕೂರುವುದು ರೂಢಿಯಾಗಿತ್ತು.

ಸಂಗತಿ ಇಷ್ಟು. ಟೈಲರ್ ಅಂಗಡಿಯವರ ಹೆಂಡತಿ ಲೆಕ್ಕದ ಟೀಚರು; ವರ್ಷವಿಡೀ ಪ್ರೇಮ ಕಾದಂಬರಿ ಓದುವವರು. ವರ್ಷದ ಕೊನೆಗೆ ತಮಗೆ ಹಿಡಿಸಿದ ಹತ್ತನ್ನು ಆರಿಸಿ ಲೈಬ್ರರಿಯ ಮೇಜಿನ ಮೇಲೆ ಜೋಡಿಸಿ, ವಾರದ ಹಿಂದೆ ಓದುಗರ ಮುಂದೆ ಭಾಷಣವನ್ನೂ ಮಾಡಿದ್ದರು. ಕೊನೆಗೆ, "ಈ ಹೀರೋಗಳಂಥ ಒಬ್ಬ ಗಂಡಸನ್ನ ನಿಜ ಜೀವನದಲ್ಲಿ ನಾನು ನೋಡಿಲ್ಲ ಬಿಡಿ!" ಎಂದಾಗ ಸಭೆ ಬಿದ್ದು ಬಿದ್ದು ನಕ್ಕಿತ್ತು. ಹಿಂದಿನ ಸಾಲಿನಲ್ಲಿದ್ದ ಅವರ ಗಂಡನೂ ಚಪ್ಪಾಳೆ ತಟ್ಟಿದ್ದರು. ಈಗ ನೋಡಿದರೆ ಆ ಹತ್ತೂ ಪುಸ್ತಕಗಳಿಂದ ಯಾರೋ ಬ್ಲೇಡಿನಲ್ಲಿ ಹಾಳೆ ಕತ್ತರಿಸಿದ್ದಾರೆ.

"ಬ್ಲೇಡು ನನ್ನ ಮೇಜಿಂದು, ಬೀಗದ ಕೈ ನನ್ನ ಹತ್ರ ಇರೋದು. ಅದಕ್ಕೆ ಲೈಬ್ರರಿ ಸಮಿತಿ ಅಧ್ಯಕ್ಷರು ಎಲ್ಲರ ಮುಂದೇನೇ ಕಳ್ಳಿ ಅಂದುಬಿಟ್ರು. ಸಂಜೆ ಸಭೇಲಿ ಕೆಲಸದಿಂದ ತೆಗೀತಾರಂತೆ. ನನ್ನಮ್ಮನ ಔಷಧಿಗೆ ಈ ಸಂಬಳ ಬಿಟ್ರೆ ಬೇರೆ ಗತಿ ಇಲ್ಲ."

ಪುಟ್ಟಿಯ ಮೈಯೆಲ್ಲ ಉರಿದುಹೋಯಿತು. ಒಂದು ಮಾತು ವಿಚಾರಿಸದೆ, ಬಡಪಾಯಿ ಸಿಕ್ಕಳೆಂದು ಗೂಬೆ ಕೂರಿಸುವುದೆಂದರೇನು?

"ಉರಿಯೋದು ಆಮೇಲೆ ಪುಟ್ಟಿ, ಚಪ್ಪಲಿ ಹಾಕ್ಕೋ," ಎಂದರು ಡಾಕ್ಟರಮ್ಮ.

ಲೈಬ್ರರಿಗೆ ಹೋಗಿ ವಿಚಾರಿಸಿದರೆ, ಹಿಂದಿನ ದಿನ ಬೆಳಿಗ್ಗೆ ಪುಸ್ತಕಗಳು ಸರಿಯಾಗೇ ಇದ್ದವು; ಆಮೇಲೆ ಲೈಬ್ರರಿಯಾಕೆ ಚಹಾ ಕುಡಿಯಲು ಹೋಗಿದ್ದಾಗ ಒಳಗೆ ಬಂದವರು ಇಬ್ಬರೇ. ಪ್ರೇಮ ಕಾದಂಬರಿಗಳೆಂದರೆ ಮೂಗು ಮುರಿಯುವ ಅಧ್ಯಕ್ಷರು ವ್ಯವಸ್ಥೆ ನೋಡಲು ಬಂದಿದ್ದರು. ಅವರು ಹೋದ ಮೇಲೆ ಟೈಲರು, ತಾವೇ ಹೊಲಿದ ಮೇಜಿನ ಬಟ್ಟೆ ಹಾಸಲು ಬಂದಿದ್ದರು. ಪುಟ್ಟಿಗೆ ಅನುಮಾನವೇ ಉಳಿಯಲಿಲ್ಲ. ಅಧ್ಯಕ್ಷರದೇ ಕೆಲಸ!

ಡಾಕ್ಟರಮ್ಮ ಮಾತ್ರ ಪುಸ್ತಕಗಳ ಬಾಯಿ ತೆರೆದು ಒಂದೊಂದನ್ನೇ ನೋಡಿದರು. ಹಿಂದುಮುಂದಿನ ಪುಟ ಓದಿದರೆ, ಒಂಬತ್ತರಲ್ಲಿ ಹೋಗಿದ್ದದ್ದು ಪ್ರೇಮಿಗಳು ಒಂದಾಗುವ ಹಾಳೆ. ಒಂದು ಕಾದಂಬರಿಯಲ್ಲಿ ಆ ಸನ್ನಿವೇಶ ನಡುಮಧ್ಯೆ ಬರುತ್ತಿತ್ತು. ಅಲ್ಲೂ ಸರಿಯಾಗಿ ಅದನ್ನೇ ಕತ್ತರಿಸಲಾಗಿತ್ತು. ಕೊನೆಯ ಪುಸ್ತಕವನ್ನು ಅವರು ಪುಟ್ಟಿಯ ಕೈಗಿತ್ತರು. ರೈಲು ಪ್ಲಾಟ್‌ಫಾರ್ಮಿಗೆ ಬಂದು ನಿಂತಲ್ಲಿಗೆ ಒಂದು ಪುಟ ಮುಗಿದಿತ್ತು, ಮುಂದಿನ ಹಾಳೆ ಇರಲಿಲ್ಲ. ಅದರಾಚೆಯ ಪುಟ ಹೀಗೆ ಶುರುವಾಗುತ್ತಿತ್ತು: 'ಅವಳು ಒಬ್ಬಳೇ ಮನೆಯ ಕಡೆ ನಡೆದಳು.'

ಆಮೇಲೆ ಡಾಕ್ಟರಮ್ಮ ಮೂವರಿಗೂ ಒಂದೇ ಪ್ರಶ್ನೆ ಕೇಳಿದರು. ಆ ರೈಲಿನ ಕಥೆ ಹೇಗೆ ಮುಗಿಯುತ್ತೆ?

"ಅವನು ಹೊರಟೇಹೋಗ್ತಾನೆ. ಎಷ್ಟು ಜನ ಅತ್ಕೊಂಡು ವಾಪಸ್ ಕೊಟ್ಟಿದಾರೆ, ನನಗೆ ಗೊತ್ತಿಲ್ವಾ?" ಎಂದಳು ಲೈಬ್ರರಿಯಾಕೆ.

"ರೈಲೇ? ಯಾವ ರೈಲು? ಆ ಕಸಾನೆಲ್ಲ ನಾನು ಮುಟ್ಟೋದೂ ಇಲ್ಲ!" ಎಂದು ಅಧ್ಯಕ್ಷರು ಸಿಡುಕಿದರು.

ಟೈಲರು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಅವನು ಇಳಿದುಬಿಡ್ತಾನಲ್ಲ ಡಾಕ್ಟರಮ್ಮ. ಓಡೋ ರೈಲಿಂದ ಹಾರಿ ಬರ್ತಾನೆ. ನಾನು ಓದೋನಲ್ಲ. ನಾನು ಹೊಲೀತಾ ಇದ್ರೆ ಪಕ್ಕದಲ್ಲಿ ಕೂತು ನಮ್ಮನೆಯವಳು ಓದಿ ಹೇಳ್ತಾಳೆ."

ಸಂಜೆಯ ಸಭೆಗೆ ಜನ ಕಿಕ್ಕಿರಿದಿದ್ದರು. ಅಧ್ಯಕ್ಷರು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಡಾಕ್ಟರಮ್ಮ ಎದ್ದು ನಿಂತರು.

"ಕತ್ತರಿಸಿದವರಿಗೆ ಈ ಕಥೆಗಳೆಲ್ಲ ಗೊತ್ತಿತ್ತು. ಇಲ್ಲದಿದ್ರೆ ನಡುಮಧ್ಯದ ಹಾಳೆ ಹುಡುಕೋಕೆ ಆಗ್ತಿರಲಿಲ್ಲ. ಅಲ್ಲಿಗೆ ಅಧ್ಯಕ್ಷರನ್ನ ಬಿಟ್ಟೆ. ಅವರಿಗೆ ಯಾವ ರೈಲು ಅನ್ನೋದೇ ಗೊತ್ತಿಲ್ಲ."

ಅಧ್ಯಕ್ಷರಿಗೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯಲಿಲ್ಲ.

"ಕತ್ತರಿಸಿದವರಿಗೆ ಬೇಕಿದ್ದದ್ದು ಪ್ರೇಮಿಗಳು ಒಂದಾಗೋ ಹಾಳೆ ಮಾತ್ರ. ಆದರೆ ರೈಲಿನ ಕಥೇಲಿ ಅವರು ಒಂದಾಗೋದೇ ಇಲ್ಲ! ಹಾಳೆಯಾಚೆ ನೋಡಿ, ಅವಳು ಒಬ್ಬಳೇ ಮನೆಗೆ ಹೋಗ್ತಾಳೆ. ಇದು ಲೈಬ್ರರಿಯಾಕೆಗೆ ಗೊತ್ತು, ಓದಿದ ಎಲ್ಲರಿಗೂ ಗೊತ್ತು. ಅವರ್ಯಾರೂ ಆ ಹಾಳೆ ತೆಗೀತಿರಲಿಲ್ಲ. ನಾಯಕ ಅಲ್ಲಿ ಇಳೀತಾನೆ ಅಂತ ನಂಬಿದೋರು ಒಬ್ಬರೇ. ಓದದೆ, ಬರೀ ಕಿವಿಯಿಂದ ಕೇಳಿದೋರು. ಗಡಿಬಿಡೀಲಿ ಸ್ಟೇಷನ್ ಅಂತ ಕಂಡ ಹಾಳೇನ ಕತ್ತರಿಸಿದ್ರು."

ಎಲ್ಲರ ಕಣ್ಣೂ ಹಿಂದಿನ ಸಾಲಿಗೆ ಹೋಯಿತು. ಟೈಲರು ಎದ್ದರು. 

"ಹೌದು, ನಾನೇ! ಇಂಥ ಗಂಡಸನ್ನ ನೋಡೇ ಇಲ್ಲ ಅಂದಳಲ್ಲ, ಹಾಗಾದ್ರೆ ಮೂವತ್ತು ವರ್ಷ ಜೊತೇಲಿದ್ದ ನಾನು ಯಾರು? ಇವಳು ಸ್ಕೂಲಿಂದ ಬರೋಷ್ಟರಲ್ಲಿ ಅಡುಗೆ ಮಾಡಿಡೋನು ನಾನು. ಆ ಹೀರೋಗಳು ಯಾವತ್ತಾದ್ರೂ ಒಂದು ಗುಂಡಿ ಹೊಲಿದುಕೊಟ್ಟಿದಾರಾ? ನನ್ನ ನೋಡಿ ಊರೆಲ್ಲ ನಗ್ತು!"

ಪಾಪ ಅನ್ನಿಸಬೇಕಿತ್ತು. ಪುಟ್ಟಿಗೆ ಅನ್ನಿಸಲಿಲ್ಲ. "ನಿಮ್ಮನ್ನ ನೋಡಿ ನಕ್ಕರು, ನಿಜ. ಅಧ್ಯಕ್ಷರು ಇವಳನ್ನ ಕಳ್ಳಿ ಅಂದ್ರಲ್ಲ, ಆಗ ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ! ನಿಮ್ಮ ಮಾನ ಮಾನ, ಇವಳದ್ದು ಏನು, ಕಾಲೊರೆಸೋ ಬಟ್ಟೇನಾ?"

ಟೈಲರ ಸಿಟ್ಟು ಜರ್ರನೆ ಇಳಿದುಹೋಯಿತು. ಜೇಬಿನಿಂದ ಹಾಳೆಗಳನ್ನು ತೆಗೆದು ಲೈಬ್ರರಿಯಾಕೆಯ ಮುಂದಿಟ್ಟರು. "ತಪ್ಪಾಯ್ತಮ್ಮ. ದೊಡ್ಡ ತಪ್ಪಾಯ್ತು. ಒಂದೊಂದೂ ನಾನೇ ಅಂಟಿಸಿಕೊಡ್ತೀನಿ." ಆಮೇಲೆ ತಡೆಯಲಾರದೆ ಹೆಂಡತಿಯ ಕಡೆ ತಿರುಗಿದರು. "ಹಾಗಾದ್ರೆ ಅವನು ಇಳಿಯೋದೇ ಇಲ್ವಾ? ಸುಳ್ಳು ಹೇಳಿದ್ಯಾ?"

"ಇಳಿಯಲ್ಲ," ಎಂದರು ಟೀಚರು. "ಆ ಪುಟಕ್ಕೆ ಬರೋಷ್ಟರಲ್ಲಿ ನೀವು ಹೊಲಿಯೋದು ನಿಲ್ಲಿಸಿ ನನ್ನ ಬಾಯನ್ನೇ ನೋಡ್ತಿದ್ರಿ. ಆ ಮುಖ ಬಾಡೋದನ್ನ ನೋಡೋಕಾಗದೆ ನಾನೇ ಇಳಿಸಿದೆ. ಅಷ್ಟು ಜನರ ಮುಂದೆ ಹಾಗೆ ಅಂದಿದ್ದು ನನ್ನ ಹರಕು ನಾಲಿಗೆ."

ಟೈಲರು ಕೂತುಬಿಟ್ಟರು. ಅಧ್ಯಕ್ಷರು ಇದೇ ಸಮಯವೆಂದು ಕಾಗದಗಳನ್ನು ಎತ್ತಿಕೊಂಡರು. "ಸರಿ ಸರಿ, ಎಲ್ಲ ಸುಖಾಂತ್ಯ ಆಯ್ತಲ್ಲ. ಈಯಮ್ಮನ ವಿಷಯ ಇಲ್ಲಿಗೆ ಬಿಟ್ಟುಬಿಡೋಣ."

"ಯಾಕೆ ಬಿಡೋದು?" ಲೈಬ್ರರಿಯಾಕೆ ಮೇಜಿನ ಮುಂದೆ ಬಂದು ನಿಂತಳು. "ಎಲ್ಲರ ಮುಂದೆ ಕಳ್ಳಿ ಅಂದ್ರಿ. ಅಲ್ಲ ಅಂತಲೂ ಎಲ್ಲರ ಮುಂದೇನೇ ಅನ್ನಿ."

ಅಧ್ಯಕ್ಷರು ಏನೋ ಗೊಣಗಿದರು.

"ಕೇಳಿಸಲಿಲ್ಲ," ಎಂದಳು ಅವಳು.

"ಹಿಂದಿನವರಿಗೂ ಕೇಳಿಸಲಿಲ್ಲ!" ಎಂದು ಪುಟ್ಟಿ ಕೂಗಿದಳು.

"ಈಯಮ್ಮ ಕಳ್ಳಿ ಅಲ್ಲ! ನಾನು ಹಾಗೆ ಅಂದಿದ್ದು ತಪ್ಪು!" ಅಧ್ಯಕ್ಷರ ಮುಖ ಕೆಂಪಗಾಗಿತ್ತು. "ಸಾಕಾ? ನಾಳೆ ಕೆಲಸಕ್ಕೆ ಬರ್ತೀಯೋ ಇಲ್ವೋ?"

"ಬರ್ತೀನಿ," ಎಂದಳು ಲೈಬ್ರರಿಯಾಕೆ. "ನೀವು ಕರೆದ್ರಿ ಅಂತಲ್ಲ. ನಿಮ್ಮನ್ನ ಕ್ಷಮಿಸಿದೆ ಅಂತಲೂ ಅಲ್ಲ, ನಾನಿನ್ನೂ ಕ್ಷಮಿಸಿಲ್ಲ. ಕೆಲಸ ನನ್ನದು, ಅದಕ್ಕೆ ಬರ್ತೀನಿ."